ಬಲಶಾಲಿ ಕಾರಿಗೆ ತಕ್ಕ ಕ್ಲಚ್ಚು

ನಿಮ್ಮ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಮೆಲ್ಲಗೆ ಒತ್ತಿ, ಮೇಲಿನದನ್ನು ತಿರುಗಿಸಿರಿ. ಮೊದಲು ಅದು ಜಾರುತ್ತದೆ. ಒತ್ತಡ ಹೆಚ್ಚಿದಂತೆ ಕೆಳಗಿನ ಕೈಯೂ ಅದರೊಡನೆ ತಿರುಗತೊಡಗುತ್ತದೆ. ಜಾರುವಷ್ಟು ಹೊತ್ತೂ ಅಂಗೈಗಳು ಬಿಸಿಯಾಗುತ್ತವೆ. ಮೋಟಾರು ಗಾಡಿಯ ಕ್ಲಚ್ಚಿನ ತತ್ತ್ವವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಎಂಜಿನಿನ ತುದಿಯಲ್ಲಿ ತಿರುಗುವ ಭಾರವಾದ ಫ್ಲೈವೀಲು ಒಂದು ಅಂಗೈ. ಗೇರುಪೆಟ್ಟಿಗೆಯ ದಂಡಕ್ಕೆ ಕೂಡಿಸಿದ ಘರ್ಷಣ ಫಲಕ ಇನ್ನೊಂದು. ಸ್ಪ್ರಿಂಗಿನ ಬಲದಿಂದ ಈ ಫಲಕವನ್ನು ಫ್ಲೈವೀಲಿಗೆ ಅದುಮಿ ಹಿಡಿಯುವುದು ಪ್ರೆಷರ್ ಪ್ಲೇಟು. ಪೆಡಲನ್ನು ತುಳಿದೊಡನೆ ಆ ಅದುಮು ಸಡಿಲುತ್ತದೆ.

1964ರ ಮಾದರಿಯಾಗಿ ಅಮೆರಿಕದ ಪಾಂಟಿಯಾಕ್ ಸಂಸ್ಥೆಯವರು ಮಧ್ಯಮ ಗಾತ್ರದ ಕಾರೊಂದರಲ್ಲಿ ದೊಡ್ಡ ಕಾರಿನ 6.4 ಲೀಟರ್ ಎಂಜಿನನ್ನು ಕೂರಿಸಿ ಜಿ.ಟಿ.ಓ. ಎಂಬ ಹೆಸರಿನಿಂದ ಮಾರಿದರು. ಇಂಥ ಕಾರುಗಳಿಗೆ ಮುಂದೆ ‘ಮಸಲ್ ಕಾರು’ ಎಂಬ ಹೆಸರು ನಿಂತಿತು. ಕಟ್ಟುಮಸ್ತಾದ ಕಾರು ಎಂದು ನಾವು ಅನ್ನಬಹುದು. ಅವನ್ನು ಒರೆಸಿ ಮೆರುಗಿಟ್ಟು ಕಾಪಾಡುವವರು ಇಂದಿಗೂ ಇದ್ದಾರೆ. ದಿನವೂ ಕೆಲಸಕ್ಕೆ ಓಡಿಸುವವರೂ ಇದ್ದಾರೆ. ಈ ಎರಡನೆಯ ಬಗೆಯವರಿಗೆ ಕ್ಲಚ್ಚು ಸವೆದ ದಿನ ಒಂದು ಪೇಚು ಎದುರಾಗುತ್ತದೆ. ಮಾರಾಟಗಾರರ ಪಟ್ಟಿಗಳಲ್ಲಿ ಒಂದನೆಯ ಹಂತ, ಎರಡನೆಯ ಹಂತ, ಮೂರನೆಯ ಹಂತ ಎಂದು ಕ್ಲಚ್ಚುಗಳ ಸಾಲೇ ಇರುತ್ತದೆ. ಹಂತ ಏರಿದಷ್ಟೂ ಒಳ್ಳೆಯದೆಂದು ಭಾವಿಸುವುದು ಸಹಜ. ಆದರೆ ಒಬ್ಬ ತಯಾರಕನ ಎರಡನೆಯ ಹಂತಕ್ಕೂ ಇನ್ನೊಬ್ಬನ ಎರಡನೆಯ ಹಂತಕ್ಕೂ ಸಂಬಂಧವೇ ಇಲ್ಲ. ಹೆಸರನ್ನು ಬದಿಗಿಟ್ಟು ಲೆಕ್ಕ ಮಾಡುವುದು ಲೇಸು.

ಜಿ.ಟಿ.ಓ. ಎಂಜಿನಿನ ತಿರುಗಿಸುವ ಬಲ, ಎಂದರೆ ಟಾರ್ಕು, ಸುಮಾರು 580 ನ್ಯೂಟನ್-ಮೀಟರ್ ಎಂದು ಆಗ ಪ್ರಕಟಿಸಿದ್ದರು. (ಫ್ಯಾನು, ಸೈಲೆನ್ಸರು ಮೊದಲಾದವುಗಳ ಹೊರೆಯಿಲ್ಲದೆ ಅಳೆದ ಅಂಕಿಯಾದುದರಿಂದ ಅದು ಸ್ವಲ್ಪ ಉದಾರವಾದುದೇ.) ಕ್ಲಚ್ಚು ಜಾರದೆ ಹೊರಬಲ್ಲ ಟಾರ್ಕು ನಾಲ್ಕು ಸಂಗತಿಗಳ ಗುಣಲಬ್ಧ: ಉಜ್ಜುವ ಮುಖಗಳ ಸಂಖ್ಯೆ, ಘರ್ಷಣಾಂಕ, ಅದುಮುವ ಬಲ, ಫಲಕದ ಸರಾಸರಿ ತ್ರಿಜ್ಯ. 11 ಅಂಗುಲ ವ್ಯಾಸದ ಫಲಕಕ್ಕೆ ಸರಾಸರಿ ತ್ರಿಜ್ಯ ಸುಮಾರು 0.11 ಮೀಟರ್. ಮುಖಗಳು ಎರಡು. ಘರ್ಷಣಾಂಕ 0.3, ಅದುಮುವ ಬಲ 11,000 ನ್ಯೂಟನ್ ಎಂದಿಟ್ಟುಕೊಂಡರೆ ಗುಣಲಬ್ಧ ಸುಮಾರು 725 ಆಗುತ್ತದೆ. ಎಂಜಿನು ಕೊಡುವುದಕ್ಕಿಂತ ಇದು ಕಾಲುಭಾಗ ಹೆಚ್ಚು. ನಿತ್ಯದ ಬಳಕೆಗೆ ಇಷ್ಟು ಮಿಗುತಾಯ ಸಾಕು. ಲೈನಿಂಗಿನ ವಿಸ್ತೀರ್ಣವು ಈ ಲೆಕ್ಕದಲ್ಲಿ ಬರಲೇ ಇಲ್ಲವೆಂಬುದನ್ನು ಗಮನಿಸಿದಿರಾ? ವಿಸ್ತೀರ್ಣ ಹೆಚ್ಚಿದರೆ ಬಾಳಿಕೆ ಹೆಚ್ಚುತ್ತದೆಯೇ ಹೊರತು ಹಿಡಿತವಲ್ಲ.

ಕ್ಲಚ್ಚು ನಿಜವಾಗಿಯೂ ಸೋತಿದೆಯೇ ಎಂಬುದನ್ನು ಮೊದಲನೆಯ ಗೇರಿನಲ್ಲಿ ಪರೀಕ್ಷಿಸಿ ಫಲವಿಲ್ಲ. ಹಿಂಚಕ್ರಗಳು ರಸ್ತೆಯನ್ನು ಹಿಡಿಯುವ ಬಲ 7,000 ನ್ಯೂಟನ್, ಚಕ್ರದ ತ್ರಿಜ್ಯ 0.33 ಮೀಟರ್ ಎನ್ನೋಣ. ಚಕ್ರದಲ್ಲಿ ಸುಮಾರು 2,300 ನ್ಯೂಟನ್-ಮೀಟರ್ ಟಾರ್ಕು ಒದಗಿದೊಡನೆ ಟೈರು ಜಾರುತ್ತದೆ. ಮೊದಲನೆಯ ಗೇರೂ ಆಕ್ಸಲಿನ ಗೇರೂ ಸೇರಿ ಟಾರ್ಕನ್ನು ಒಂಬತ್ತರಷ್ಟು ಮಾಡುತ್ತವೆ. ಆದುದರಿಂದ ಕ್ಲಚ್ಚಿನ ಮೇಲೆ 260ರಷ್ಟು ಹೊರೆ ಬೀಳುವಷ್ಟರಲ್ಲೇ ಟೈರು ಸೋತಿರುತ್ತದೆ! ಕೊನೆಯ ಗೇರಿನಲ್ಲಿ ಈ ಗುಣಕ ಮೂರೂವರೆ ಮಾತ್ರ. ಅಲ್ಲಿ ಟೈರು ಗಟ್ಟಿಯಾಗಿ ನಿಲ್ಲುತ್ತದೆ, ಎಂಜಿನಿನ ಪೂರ್ಣ ಹೊರೆ ಕ್ಲಚ್ಚಿಗೆ ಬೀಳುತ್ತದೆ. ಏರುದಾರಿಯಲ್ಲಿ ಕೊನೆಯ ಗೇರಿನಲ್ಲಿ ಪೂರ್ತಿ ಪೆಟ್ರೋಲು ಕೊಟ್ಟಾಗ ಕಾರಿನ ವೇಗ ಏರದೆ ಎಂಜಿನಿನ ಸುತ್ತು ಮಾತ್ರ ಏರಿದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಪಂದ್ಯದ ಅಂಟು ಟೈರುಗಳನ್ನು ಹಾಕಿದವನ ಸಂಗತಿ ಬೇರೆ. ಅವನು ಟೈರಿನ ಸೋಲನ್ನು ಕ್ಲಚ್ಚಿಗೂ ಗೇರಿನ ಹಲ್ಲುಗಳಿಗೂ ವರ್ಗಾಯಿಸಿರುತ್ತಾನೆ.

ಇನ್ನು ಶಾಖದ ವಿಚಾರ. ಎಂಜಿನಿನ ಸುತ್ತನ್ನು ಒಂದೇ ಸಮನೆ ಇಟ್ಟು ಕಾರನ್ನು ಹೊರಡಿಸಿದರೆ, ಕಾರು ಪಡೆಯುವ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಲೈನಿಂಗು ಯಾವುದಾದರೂ ಈ ಪಾಲು ತಪ್ಪದು. 1,600 ಕಿಲೋಗ್ರಾಂ ತೂಕದ ನಮ್ಮ ಕಾರು ನಿಮಿಷಕ್ಕೆ 1,500 ಸುತ್ತಿನಲ್ಲಿ ಹೊರಟರೆ ಸುಮಾರು 26 ಸಾವಿರ ಜೂಲ್. ಒಂದು ಸಣ್ಣ ಲೋಟ ಕಾಫಿಯನ್ನು ಸುಡುಸುಡುವಾಗಿ ಕಾಯಿಸಲು ಅಷ್ಟು ಸಾಕು. ಸುತ್ತನ್ನು 3,000ಕ್ಕೆ ಏರಿಸಿ ಹೊರಟರೆ ಶಾಖ ಇಮ್ಮಡಿಯಲ್ಲ, ನಾಲ್ಮಡಿ. ದೀಪಕ್ಕೆ ದೀಪಕ್ಕೆ ನಿಂತು ಹೊರಡುವ ಪಟ್ಟಣದ ರಸ್ತೆಯಲ್ಲಿ ಮೃದುವಾಗಿ, ಕಡಿಮೆ ಸುತ್ತಿನಲ್ಲಿ ಹೊರಡಲು ಬಿಡುವ ಕ್ಲಚ್ಚು ಬೇಕೆನ್ನುವುದು ಈ ಕಾರಣದಿಂದ. ಹಗುರವಾದ ಫ್ಲೈವೀಲನ್ನು ಹಾಕಿದರೆ ಎಂಜಿನು ನಿಲ್ಲದಿರಲೆಂದು ಚಾಲಕನು ಸುತ್ತನ್ನು ಏರಿಸಬೇಕಾಗುತ್ತದೆ. ದಿನನಿತ್ಯದ ಕಾರಿಗೆ ಅದು ಬೇಡ.

ಹಿಡಿತವನ್ನು ಹೆಚ್ಚಿಸುವ ಪ್ರತಿಯೊಂದು ದಾರಿಗೂ ಸುಂಕವುಂಟು. ಸೆರಾಮಿಕ್ ಬಿಲ್ಲೆಗಳ ಫಲಕಕ್ಕೆ ಘರ್ಷಣಾಂಕ ಹೆಚ್ಚು, ಶಾಖವನ್ನೂ ತಾಳುತ್ತದೆ. ಆದರೆ ಅದು ತಟ್ಟನೆ ಕಚ್ಚುತ್ತದೆ, ಕಾರು ನಡುಗುತ್ತ ಹೊರಡುತ್ತದೆ, ಫ್ಲೈವೀಲಿನ ಮುಖ ಬೇಗ ಸವೆಯುತ್ತದೆ. ಬಲವಾದ ಸ್ಪ್ರಿಂಗು ಹಾಕಿದರೆ ಎಡಗಾಲು ದಣಿಯುತ್ತದೆ. ಕಾಲೊಂದೇ ಅಲ್ಲ: ಪೆಡಲಿನ ಒತ್ತಡ ಕ್ರ್ಯಾಂಕ್ ದಂಡವನ್ನು ಮುಂದಕ್ಕೆ ನೂಕುವುದರಿಂದ ಅದನ್ನು ತಡೆಯುವ ಬೇರಿಂಗೂ ಸವೆಯುತ್ತದೆ, ಹಳೆಯ ಕಾರುಗಳ ಪೆಡಲಿನ ಸಲಾಕೆಗಳು ಬಾಗುವುದೂ ಉಂಟು. ಬಟ್ಟಲಿನಾಕಾರದ ಡಯಾಫ್ರಂ ಸ್ಪ್ರಿಂಗು ಇಲ್ಲಿ ಸುರುಳಿ ಸ್ಪ್ರಿಂಗಿಗಿಂತ ಮೇಲು. ಪೆಡಲು ಕೆಳಕ್ಕೆ ಹೋದಂತೆ ಅದರ ಪ್ರತಿರೋಧ ಇಳಿಯುತ್ತದೆ. ಎರಡು ಫಲಕಗಳ ಕ್ಲಚ್ಚಿನಲ್ಲಿ ಉಜ್ಜುವ ಮುಖಗಳು ನಾಲ್ಕಾಗುವುದರಿಂದ ಅದೇ ಅದುಮಿಗೆ ಹಿಡಿತ ಇಮ್ಮಡಿಯಾಗುತ್ತದೆ. ಅದು ಚತುರ ಉಪಾಯವೇ ಸರಿ, ಆದರೆ ದುಬಾರಿ. ಎಂಜಿನಿನ ಬಲವನ್ನು ಬಹಳವಾಗಿ ಹೆಚ್ಚಿಸಿದವನಿಗೆ ಮಾತ್ರ ಅಗತ್ಯ.

ಎಂಜಿನು ಮೂಲದಂತೆಯೇ ಇದ್ದರೆ, ಅಥವಾ ಸ್ವಲ್ಪವೇ ಬಲಗೊಂಡಿದ್ದರೆ, ನನ್ನ ಆಯ್ಕೆ ಇದು: 11 ಅಂಗುಲದ ಫಲಕ, ಕಲ್ನಾರಿಲ್ಲದ ಸಾಧಾರಣ ‘ಆರ್ಗ್ಯಾನಿಕ್’ ಲೈನಿಂಗು, ನಡುವೆ ಆಘಾತವನ್ನು ನುಂಗುವ ಸ್ಪ್ರಿಂಗುಗಳುಳ್ಳ ಗುಂಬ, ಡಯಾಫ್ರಂ ಪ್ರೆಷರ್ ಪ್ಲೇಟು. ಹಳೆಯ ಎರಕದ ಕಬ್ಬಿಣದ ಫ್ಲೈವೀಲಿನಲ್ಲಿ ಬಿರುಕಿದ್ದರೆ ಉಕ್ಕಿನದನ್ನೇ ಕೊಳ್ಳಬೇಕು. ಹೆಚ್ಚು ಸುತ್ತಿನಲ್ಲಿ ಒಡೆದ ಫ್ಲೈವೀಲಿನ ಚೂರುಗಳು ಕಾರಿನ ನೆಲವನ್ನು ಸೀಳಿ ಚಾಲಕನ ಕಾಲಿಗೆ ತಗಲಬಲ್ಲವು. ಪಂದ್ಯದ ಕಾರುಗಳ ಕ್ಲಚ್ಚು, ಫ್ಲೈವೀಲುಗಳಿಗೆ ಎಸ್.ಎಫ್.ಐ. 1.1 ಎಂಬ ಸುರಕ್ಷತೆಯ ಮಾನಕ ಇರುವುದು ಇದಕ್ಕಾಗಿಯೇ. ಕಳಚುವಾಗ ಒಳಗಿನ ಹಳೆಯ ಧೂಳನ್ನು ಗಾಳಿಯಿಂದ ಊದಬಾರದು. ಅದರಲ್ಲಿ ಕಲ್ನಾರು ಇರಬಹುದು. ಉಸಿರಿನೊಡನೆ ಒಳಹೊಕ್ಕ ಅದರ ಎಳೆಗಳು ಎಷ್ಟೋ ವರ್ಷಗಳ ನಂತರ ಶ್ವಾಸಕೋಶವನ್ನು ಕೆಡಿಸುತ್ತವೆ. ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ಹೊಸ ಲೈನಿಂಗು ಪ್ರೆಷರ್ ಪ್ಲೇಟಿಗೂ ಫ್ಲೈವೀಲಿಗೂ ಸರಿಯಾಗಿ ಹೊಂದಿಕೊಳ್ಳಲು ಸುಮಾರು 800 ಕಿಲೋಮೀಟರು ಊರೊಳಗೆ ಓಡಾಡಬೇಕು. ಅಷ್ಟರವರೆಗೆ ಪೂರ್ತಿ ಬಲವನ್ನು ಬಳಸಬಾರದು. ಹೆದ್ದಾರಿಯಲ್ಲಿ ಒಂದೇ ಓಟದಲ್ಲಿ 800 ಕಿಲೋಮೀಟರು ಮುಗಿಸಿ ಬಂದವನ ಕ್ಲಚ್ಚು ಹೊಸದಾಗಿಯೇ ಉಳಿದಿರುತ್ತದೆ; ಅಲ್ಲಿ ಅದು ಜಾರುವುದೇ ಇಲ್ಲವಲ್ಲ!