ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಈ ಗಾದೆಯನ್ನು ನಾವೆಲ್ಲರೂ ಹತ್ತನೇ ತರಗತಿಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ಚಿಕ್ಕ ವಯಸ್ಸಿನಲ್ಲೇ ಮಕ್ಕಳಿಗೆ ಒಳ್ಳೆಯ ನಡತೆ ಕಲಿಸಬೇಕು ಎಂದು ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಈ ಗಾದೆಗೆ ನೇರವಾದ ಅರ್ಥವೂ ಇದೆ. ಒಮ್ಮೆ ಎದ್ದು ನಿಂತು, ಮೊಣಕಾಲು ಮಡಿಸದೆ, ನಿಧಾನವಾಗಿ ಬಗ್ಗಿ ಕಾಲ್ಬೆರಳು ಮುಟ್ಟಲು ಪ್ರಯತ್ನಿಸಿ ನೋಡಿ. ನಮ್ಮ ತರಗತಿಯಲ್ಲಿ ಊಟದ ವಿರಾಮದಲ್ಲಿ ಕೆಲವರು ಪ್ರಯತ್ನಿಸಿದೆವು. ಹೆಚ್ಚಿನವರ ಕೈ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬಂದು ನಿಂತುಬಿಟ್ಟಿತು. ನಮ್ಮ ವಯಸ್ಸು ಹದಿನೇಳು. ಗಿಡವೇ ಬಗ್ಗದಿದ್ದರೆ ಮರದ ಗತಿ ಏನು?

ದೇಹ ಬಾಗುವುದು, ತಿರುಗುವುದು, ಕುಳಿತು ಏಳುವುದು ಆಟಗಾರರಿಗೆ ಮಾತ್ರ ಬೇಕಾದ ವಿಷಯವಲ್ಲ. ಇದಕ್ಕೆ ಜಿಮ್ ಬೇಕಿಲ್ಲ, ಹಣವೂ ಬೇಕಿಲ್ಲ. ದಿನನಿತ್ಯದ ಕೆಲವು ಅಭ್ಯಾಸಗಳು ಸಾಕು. ಅವು ಯಾವುವು, ಏಕೆ ಕೆಲಸ ಮಾಡುತ್ತವೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ನಮ್ಮ ಒಂದು ದಿನದ ಲೆಕ್ಕ

ನಾವು ವಾಣಿಜ್ಯ ವಿಭಾಗದವರು. ಲೆಕ್ಕದಿಂದಲೇ ಆರಂಭಿಸೋಣ. ನಾನು ಎಷ್ಟು ಹೊತ್ತು ಕುಳಿತಿರುತ್ತೇನೆ ಎಂದು ಒಂದು ದಿನ ಬರೆದಿಟ್ಟೆ. ಕಾಲೇಜಿನ ಬೆಂಚಿನ ಮೇಲೆ ಐದೂವರೆ ಗಂಟೆ, ಬಸ್ಸಿನಲ್ಲಿ ಒಂದು ಗಂಟೆ, ಟ್ಯೂಷನ್‌ನಲ್ಲಿ ಒಂದೂವರೆ ಗಂಟೆ, ಮನೆಯಲ್ಲಿ ಓದು ಎರಡೂವರೆ ಗಂಟೆ, ಮೊಬೈಲ್ ಮತ್ತು ಟಿವಿ ಒಂದು ಗಂಟೆ. ಒಟ್ಟು ಹನ್ನೊಂದೂವರೆ ಗಂಟೆ. ಇದಕ್ಕೆ ನಿದ್ದೆಯ ಏಳು ಗಂಟೆ ಸೇರಿಸಿದರೆ ಉಳಿಯುವುದು ಐದೂವರೆ ಗಂಟೆ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಮೈ ಆಡಿಸಬೇಕು. ಚುರುಕಾಗಿ ಎಂದರೆ ಉಸಿರು ಸ್ವಲ್ಪ ಜೋರಾಗುವಂತೆ ನಡೆಯುವುದು, ಓಡುವುದು, ಸೈಕಲ್ ತುಳಿಯುವುದು, ಆಡುವುದು. 18 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಬೇಕು. ನನ್ನ ಪಟ್ಟಿಯಲ್ಲಿ ಆ 60 ನಿಮಿಷಕ್ಕೆ ಪ್ರತ್ಯೇಕ ಸಾಲೇ ಇರಲಿಲ್ಲ.

ದೇಹ ಬಿಗಿಯಾಗುವುದು ಏಕೆ?

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಪಾಠ ಇದೆ. ಯಂತ್ರ ಬಳಸಿದಷ್ಟೂ ಸವೆಯುತ್ತದೆ, ಅದರ ಬೆಲೆ ಇಳಿಯುತ್ತದೆ. ದೇಹದ ವಿಷಯದಲ್ಲಿ ಇದು ಬಹಳ ಮಟ್ಟಿಗೆ ತಿರುಗುಮುರುಗು. ಬಳಸದಿದ್ದರೆ ಸವಕಳಿ ಜಾಸ್ತಿ.

ಬಾಗಿಲಿಗೂ ಕೀಲು ಇದೆ, ಮಂಡಿಗೂ ಕೀಲು ಇದೆ. ಮಳೆಗಾಲದಲ್ಲಿ ಮುಚ್ಚಿಟ್ಟ ಬಾಗಿಲು ಹೇಗೆ ಕಿರ್ರೆನ್ನುತ್ತದೋ ಹಾಗೆಯೇ ಇದೂ. ಮಂಡಿಯಲ್ಲಿ ಮೂಳೆಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇರುತ್ತದೆ. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿರುವ ದ್ರವದಿಂದಲೇ ಅದಕ್ಕೆ ಆಹಾರ ಸಿಗಬೇಕು. ನಾವು ನಡೆದಾಗ, ಕುಳಿತು ಎದ್ದಾಗ ಅದು ಸ್ಪಂಜಿನಂತೆ ಒತ್ತಿ ಬಿಡುತ್ತದೆ. ಆಗ ದ್ರವ ಒಳಗೆ ಹೊರಗೆ ಹರಿಯುತ್ತದೆ. ಅಲುಗಾಡದೆ ಕುಳಿತರೆ ಈ ಓಡಾಟ ಕಡಿಮೆ.

ಸ್ನಾಯುಗಳ ಕಥೆಯೂ ಹಾಗೆಯೇ. ಕುರ್ಚಿಯಲ್ಲಿ ಕುಳಿತಾಗ ಸೊಂಟದ ಮುಂಭಾಗದ ಸ್ನಾಯುಗಳು ಮಡಿಚಿದ ಸ್ಥಿತಿಯಲ್ಲೇ ಇರುತ್ತವೆ. ತೊಡೆಯ ಹಿಂಭಾಗದ ಸ್ನಾಯುಗಳಿಗೂ ಪೂರ್ತಿ ಚಾಚಿಕೊಳ್ಳುವ ಸಂದರ್ಭ ಬರುವುದಿಲ್ಲ. ದಿನವೂ ಗಂಟೆಗಟ್ಟಲೆ ಹೀಗೇ ಇದ್ದರೆ ಪೂರ್ತಿ ಚಾಚುವುದು ದೇಹಕ್ಕೆ ಅಪರಿಚಿತವಾಗಿಬಿಡುತ್ತದೆ. ಸ್ವಲ್ಪ ಎಳೆದ ಕೂಡಲೇ ನರಗಳು 'ಸಾಕು' ಎಂದು ತಡೆಯುತ್ತವೆ. ಕೆಲವು ವಾರ ನಿಧಾನವಾಗಿ ಅಭ್ಯಾಸ ಮಾಡಿದರೆ ಅದೇ ಎಳೆತ ಸಹಜವೆನಿಸುತ್ತದೆ, ಕೈ ಇನ್ನೂ ಕೆಳಗೆ ಹೋಗುತ್ತದೆ.

ಲಂಡನ್ ಬಸ್ಸಿನ ಪಾಠ

ಸಣ್ಣ ಸಣ್ಣ ಚಲನೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಹಳೆಯ ಉದಾಹರಣೆ ಇದೆ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿದರು. ಚಾಲಕ ಮತ್ತು ಕಂಡಕ್ಟರ್ ಒಂದೇ ಬಸ್ಸಿನಲ್ಲಿ ಕೆಲಸ ಮಾಡುವವರು. ಚಾಲಕ ದಿನವೆಲ್ಲ ಕುಳಿತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೇಲಿನ ಅಂತಸ್ತಿಗೆ ಹತ್ತಿ ಇಳಿಯುತ್ತಲೇ ಇರುತ್ತಾನೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ, ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಚಾಲಕರಿಗಿಂತ ಕಡಿಮೆ ಇತ್ತು. ಅಂಚೆ ಇಲಾಖೆಯನ್ನು ನೋಡಿದಾಗಲೂ ನಡೆದು ಪತ್ರ ಹಂಚುವವರು ಕುಳಿತು ಕೆಲಸ ಮಾಡುವ ಗುಮಾಸ್ತರಿಗಿಂತ ಆರೋಗ್ಯವಾಗಿದ್ದರು.

ಚಾಲಕರಿಗೂ ಕಂಡಕ್ಟರ್‌ಗಳಿಗೂ ಬೇರೆ ವ್ಯತ್ಯಾಸಗಳೂ ಇದ್ದಿರಬಹುದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಆದರೆ ಆ ನಂತರ ನಡೆದ ಅನೇಕ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಗಮನಿಸಬೇಕಾದ ಅಂಶವೆಂದರೆ ಆ ಕಂಡಕ್ಟರ್‌ಗಳು ವ್ಯಾಯಾಮ ಎಂದುಕೊಂಡು ಮೆಟ್ಟಿಲು ಹತ್ತಲಿಲ್ಲ. ಅದು ಅವರ ದಿನದ ಕೆಲಸವೇ ಆಗಿತ್ತು. ನಾಳೆ ನಮ್ಮಲ್ಲಿ ಬಹಳ ಜನ ಬ್ಯಾಂಕು, ಆಡಿಟ್ ಕಚೇರಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಕೆಲಸ ಮಾಡುವವರೇ. ಅಂದರೆ ನಾವು ಗುಮಾಸ್ತರ ಸಾಲಿಗೆ ಸೇರುವವರು.

ದಸ್ತರ್‌ಖಾನ್ ಮತ್ತು ಡೈನಿಂಗ್ ಟೇಬಲ್

ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಗಿಲ್ ಅರಾವುಜೊ ಮತ್ತು ಅವರ ಸಂಗಡಿಗರು ಒಂದು ಸರಳ ಪರೀಕ್ಷೆ ರೂಪಿಸಿದ್ದಾರೆ. ಬರಿಗಾಲಲ್ಲಿ ನಿಂತು, ಆಸರೆ ಇಲ್ಲದೆ ನೆಲದ ಮೇಲೆ ಕೂರಬೇಕು, ಮತ್ತೆ ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ, ಮೊಣಕಾಲು ಊರಿದರೆ ಪ್ರತಿಯೊಂದಕ್ಕೆ 1 ಅಂಕ ಕಡಿತ. ತೂರಾಡಿದರೆ ಅರ್ಧ ಅಂಕ ಕಡಿತ. ಅವರು 51ರಿಂದ 80 ವರ್ಷದ 2002 ಜನರನ್ನು ಹೀಗೆ ಪರೀಕ್ಷಿಸಿ ಕೆಲವು ವರ್ಷ ಗಮನಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ತೀರಾ ಕಡಿಮೆ ಅಂಕ ಪಡೆದವರಲ್ಲಿ ಆ ಅವಧಿಯಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ನೆಲದ ಮೇಲೆ ಕೂತರೆ ಆಯುಷ್ಯ ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಕುಳಿತು ಏಳಲು ಕಾಲಿನ ಬಲ, ಕೀಲುಗಳ ಬಾಗುವಿಕೆ, ಸಮತೋಲನ ಮೂರೂ ಬೇಕು. ಇವು ಚೆನ್ನಾಗಿರುವವರ ಆರೋಗ್ಯ ಒಟ್ಟಾರೆ ಚೆನ್ನಾಗಿರುತ್ತದೆ ಎಂದಷ್ಟೇ ತಿಳಿಯಬೇಕು.

ಇದನ್ನು ಓದಿದಾಗ ನನಗೆ ನಮ್ಮ ಮನೆಯವರೇ ನೆನಪಾದರು. ದಾದಿಗೆ ಎಪ್ಪತ್ತು ದಾಟಿದೆ. ಅವರು ಇಂದಿಗೂ ನೆಲದ ಮೇಲೆ ಕುಳಿತು ತರಕಾರಿ ಹೆಚ್ಚುತ್ತಾರೆ, ದಸ್ತರ್‌ಖಾನ್ ಹಾಸಿಯೇ ಊಟ ಮಾಡುತ್ತಾರೆ, ಒಂದು ಕೈ ಊರಿ ಎದ್ದುಬಿಡುತ್ತಾರೆ. ನಮ್ಮ ಅಬ್ಬಾ ಟೈಲರ್. ವಯಸ್ಸು ನಲವತ್ತೇಳು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೊಲಿಗೆ ಯಂತ್ರದ ಮುಂದೆ ಕತ್ತು ಬಗ್ಗಿಸಿ ಕೂರುತ್ತಾರೆ. ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ರಂಜಾನ್ ಹಬ್ಬದ ಹೊಲಿಗೆಯ ಭರಾಟೆಯಲ್ಲೇ ಸೊಂಟ ಹಿಡಿದುಕೊಂಡಿತು. ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಬರುವ ದಿನಗಳವು. ಹತ್ತು ದಿನ ಅಂಗಡಿ ಮುಚ್ಚಬೇಕಾಯಿತು. ಒಪ್ಪಿಕೊಂಡ ಬಟ್ಟೆಗಳನ್ನು ಅಮ್ಮಿ ಗಿರಾಕಿಗಳಿಗೆ ವಾಪಸ್ ಕೊಟ್ಟರು. ಮಸೀದಿಯಲ್ಲಿಯೂ ಅಬ್ಬಾ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರತೊಡಗಿದರು.

ವೈದ್ಯರು ಮಾತ್ರೆಯ ಜೊತೆಗೆ ಹೇಳಿದ್ದು ಇಷ್ಟೇ: ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಬೇಡಿ. ಈಗ ಅಬ್ಬಾ ಒಂದು ಬಟ್ಟೆ ಮುಗಿದ ಕೂಡಲೇ ಎದ್ದು ಅಂಗಡಿಯ ಮುಂದೆ ನಾಲ್ಕು ಹೆಜ್ಜೆ ಹಾಕುತ್ತಾರೆ. ಫೋನ್ ಬಂದರೆ ನಿಂತೇ ಮಾತನಾಡುತ್ತಾರೆ. ಬಟ್ಟೆ ಕತ್ತರಿಸುವ ಮೇಜನ್ನು ಎತ್ತರಿಸಿಕೊಂಡಿದ್ದಾರೆ. ನೋವು ಪೂರ್ತಿ ಹೋಗಿಲ್ಲ. ಆದರೆ ಈ ವರ್ಷದ ಹಬ್ಬಕ್ಕೆ ಅಂಗಡಿ ಮುಚ್ಚಲಿಲ್ಲ.

ನಾವು ಮಾಡಬಹುದಾದ ಅಭ್ಯಾಸಗಳು

1. ದಿನಕ್ಕೆ ಒಂದು ಊಟವಾದರೂ ನೆಲದ ಮೇಲೆ ಕುಳಿತು ಮಾಡಿ. ಏಳುವಾಗ ಕೈ ಊರದೆ ಏಳಲು ಪ್ರಯತ್ನಿಸಿ. ಮಂಡಿ ನೋವು ಇರುವ ಹಿರಿಯರಿಗೆ ಮಾತ್ರ ಒತ್ತಾಯ ಮಾಡಬಾರದು. ಅವರಿಗೆ ಕುರ್ಚಿಯೇ ಸರಿ.

2. ಅರ್ಧ ಗಂಟೆಗೊಮ್ಮೆ ಎದ್ದೇಳಿ. ಮನೆಯಲ್ಲಿ ಓದುವಾಗ ನೀರಿನ ಬಾಟಲಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ, ಅಡುಗೆಮನೆಯಲ್ಲೇ ಇಡಿ. ಬಾಯಾರಿದಾಗಲೆಲ್ಲ ಎದ್ದು ಹೋಗಲೇಬೇಕಾಗುತ್ತದೆ. ಥಿಯರಿಯನ್ನು ನಿಂತು ಅಥವಾ ನಡೆಯುತ್ತಾ ಬಾಯಿಪಾಠ ಮಾಡಬಹುದು.

3. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ದೊಡ್ಡವರ ತಲೆಯ ತೂಕ ಸುಮಾರು ಐದು ಕೆಜಿ. ಕತ್ತು ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದಿಡಲು ಕತ್ತಿನ ಸ್ನಾಯುಗಳು ಹೆಚ್ಚು ದುಡಿಯಬೇಕಾಗುತ್ತದೆ. ಐದು ಕೆಜಿ ಅಕ್ಕಿಯ ಚೀಲವನ್ನು ಎದೆಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸದಂತೆ.

4. ಬ್ಯಾಗನ್ನು ಎರಡೂ ಭುಜಕ್ಕೆ ಹಾಕಿಕೊಳ್ಳಿ. ಆ ದಿನ ಬೇಕಿಲ್ಲದ ಪುಸ್ತಕ ಹೊರಬೇಡಿ.

5. ನಡೆಯುವ ಅವಕಾಶ ಬಿಡಬೇಡಿ. ಒಂದು ಸ್ಟಾಪ್ ಮೊದಲೇ ಇಳಿಯಿರಿ. ಹತ್ತಿರದ ಅಂಗಡಿಗೆ ಸ್ಕೂಟರ್ ತೆಗೆಯಬೇಡಿ. ಮೆಟ್ಟಿಲು ಇದ್ದಲ್ಲಿ ಲಿಫ್ಟ್ ಬೇಡ. ಮೈ ಬಾಗುತ್ತದೆ ಎಂದ ಮಾತ್ರಕ್ಕೆ ಆರೋಗ್ಯ ಬರುವುದಿಲ್ಲ. ಹೃದಯಕ್ಕೂ ಕಾಲುಗಳಿಗೂ ಕೆಲಸ ಬೇಕು.

6. ನಿದ್ದೆ ಕಡಿಮೆ ಮಾಡಬೇಡಿ. ನಮ್ಮ ವಯಸ್ಸಿನವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ತಜ್ಞರು ಹೇಳುತ್ತಾರೆ.

7. ಸಂಜೆ ಐದು ನಿಮಿಷ ಮೈ ಚಾಚಿ. ನಡೆದು ಬಂದ ಮೇಲೆ ಮೈ ಬೆಚ್ಚಗಿರುವಾಗ ಮಾಡುವುದು ಒಳ್ಳೆಯದು. ನಾಲ್ಕು ಬಗೆ ಸಾಕು.

ಮೊದಲನೆಯದು, ಗೋಡೆಗೆ ಎರಡೂ ಕೈ ಒತ್ತಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಅದರ ಹಿಮ್ಮಡಿಯನ್ನು ನೆಲಕ್ಕೆ ಒತ್ತುವುದು. ಇದು ಮೀನಖಂಡಕ್ಕೆ. ಎರಡನೆಯದು, ನೆಲದ ಮೇಲೆ ಕುಳಿತು ಒಂದು ಕಾಲು ಚಾಚಿ, ಸೊಂಟದಿಂದ ಮುಂದಕ್ಕೆ ಬಾಗುವುದು. ಇದು ತೊಡೆಯ ಹಿಂಭಾಗಕ್ಕೆ. ಮೂರನೆಯದು, ಮಡಿಸಿದ ಹೊದಿಕೆಯ ಮೇಲೆ ಒಂದು ಮೊಣಕಾಲು ಊರಿ, ಇನ್ನೊಂದು ಪಾದ ಮುಂದಿಟ್ಟು, ಸೊಂಟವನ್ನು ನಿಧಾನವಾಗಿ ಮುಂದಕ್ಕೆ ತರುವುದು. ಕುಳಿತೇ ಇರುವವರಿಗೆ ಇದು ಬಹಳ ಮುಖ್ಯ. ನಾಲ್ಕನೆಯದು, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈಯಿಟ್ಟು ಒಂದು ಹೆಜ್ಜೆ ಮುಂದೆ ಹೋಗುವುದು. ಇದು ಎದೆ ಮತ್ತು ಭುಜಕ್ಕೆ.

ಪ್ರತಿಯೊಂದನ್ನೂ 20 ಸೆಕೆಂಡು ಹಿಡಿದು, ಎರಡೆರಡು ಬಾರಿ ಮಾಡಿ. ಮೊದಲ ಮೂರಕ್ಕೆ ಎಡ ಬಲ ಎರಡೂ ಇರುವುದರಿಂದ ಒಟ್ಟು ಏಳು ಚಾಚುವಿಕೆ. ಏಳು ಗುಣಿಸು ಎರಡು ಗುಣಿಸು ಇಪ್ಪತ್ತು, ಅಂದರೆ 280 ಸೆಕೆಂಡು. ಐದು ನಿಮಿಷವೂ ಆಗಲಿಲ್ಲ. ಒಂದು ಜಮಖಾನೆ ಹಾಸುವಷ್ಟು ಜಾಗ ಸಾಕು. ಹೊರಗೆ ಮೈದಾನಕ್ಕೆ ಹೋಗಲು ಅನುಕೂಲವಿಲ್ಲದ ನಮ್ಮ ಆಪಾ ಇದನ್ನು ತಮ್ಮ ಕೋಣೆಯಲ್ಲೇ ಮಾಡುತ್ತಾರೆ.

ಎಚ್ಚರಿಕೆ

ಚಾಚುವಾಗ ಎಳೆತ ತಿಳಿಯಬೇಕು, ನೋವಾಗಬಾರದು. ಜಗ್ಗಿ ಜಗ್ಗಿ ಮಾಡಬಾರದು. ಉಸಿರು ಹಿಡಿಯಬಾರದು. ಗೆಳೆಯನ ಬೆನ್ನು ಒತ್ತಿ 'ಇನ್ನೂ ಬಗ್ಗು' ಎನ್ನುವ ತಮಾಷೆ ಬೇಡವೇ ಬೇಡ. ಕೀಲು ಊದಿಕೊಂಡಿದ್ದರೆ, ಕೈಕಾಲು ಜೋಮು ಹಿಡಿಯುತ್ತಿದ್ದರೆ, ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ವಾರಗಟ್ಟಲೆ ಹೋಗದಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು.

ಏಳೂ ಅಭ್ಯಾಸಗಳನ್ನು ನಾಳೆಯೇ ಹಿಡಿಯಲು ಹೋದರೆ ಮೂರು ದಿನಕ್ಕೆ ಬಿಟ್ಟುಬಿಡುತ್ತೇವೆ. ಈ ವಾರ ಒಂದನ್ನು ಆರಿಸಿಕೊಳ್ಳಿ, ಮುಂದಿನ ವಾರ ಇನ್ನೊಂದು. ಕಾಲ್ಬೆರಳು ಮುಟ್ಟುವ ಪರೀಕ್ಷೆಯಲ್ಲಿ ಇಂದು ಕೈ ಎಲ್ಲಿಗೆ ನಿಂತಿತು ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಒಂದು ತಿಂಗಳ ನಂತರ ಮತ್ತೆ ನೋಡಿ. ತರಗತಿಯ ಪ್ರತಿನಿಧಿಗಳಲ್ಲಿ ನನ್ನದೊಂದು ಕೋರಿಕೆ: ಒಬ್ಬ ಉಪನ್ಯಾಸಕರು ಹೋಗಿ ಇನ್ನೊಬ್ಬರು ಬರುವವರೆಗಿನ ಎರಡು ನಿಮಿಷ ಇಡೀ ತರಗತಿ ಎದ್ದು ನಿಲ್ಲುವಂತೆ ಮಾಡೋಣ. ಹೇಗೂ ಉಪನ್ಯಾಸಕರು ಬಂದಾಗ ಏಳಲೇಬೇಕು, ಸ್ವಲ್ಪ ಮೊದಲೇ ಎದ್ದರೆ ನಷ್ಟವೇನಿಲ್ಲ.

ಇನ್ನು ಮನೆಯ ಹಿರಿಯರಿಗೂ ಒಂದು ಮಾತು. ಗಾದೆ ಮಾತು ಮರದ ವಿಷಯದಲ್ಲಿ ನಿಜವಿರಬಹುದು, ಮನುಷ್ಯನ ವಿಷಯದಲ್ಲಿ ಪೂರ್ತಿ ನಿಜವಲ್ಲ. ನಲವತ್ತರಲ್ಲೂ ಅರವತ್ತರಲ್ಲೂ ನಿಧಾನವಾಗಿ ಅಭ್ಯಾಸ ಮಾಡಿದರೆ ದೇಹ ಸ್ವಲ್ಪ ಸ್ವಲ್ಪವಾಗಿ ಬಾಗಲು ಕಲಿಯುತ್ತದೆ. ನಮಗೆ ಇನ್ನೂ ಹದಿನೇಳು. ಕಡಿಮೆ ಶ್ರಮದಲ್ಲಿ ಕಲಿಯುವ ವಯಸ್ಸು ಇದೇ.