ನಿಮಗಿದು ಗೊತ್ತೆ? ಹವಳದ ತೊಟ್ಟಿಗೆ ಖಾಡಿಯ ನೀರು ಸಲ್ಲದು

ಕಾಂದಿವಲಿಯ ಚಾರ್ಕೋಪ್ ದಾಟಿದರೆ ಕಾಂಡ್ಲಾ ಕಾಡು, ಅದರಾಚೆ ಮನೋರಿ ಖಾಡಿ. ಉಪ್ಪುನೀರು ಇಷ್ಟು ಹತ್ತಿರವಿರುವಾಗ ಮನೆಯ ಹವಳದ ತೊಟ್ಟಿಗೆ ಪೇಟೆಯಿಂದ ಲವಣ ತಂದು ಕಲಸುವುದೇಕೆ ಎಂಬ ಪ್ರಶ್ನೆ ಸಹಜ. ಆದರೆ ಖಾಡಿಗೆ ಕೆಸರು, ಚರಂಡಿಯ ಕೊಳೆ ಸೇರುತ್ತದೆ; ಮಳೆಗಾಲದಲ್ಲಿ ಉಪ್ಪಿನಂಶವೇ ಇಳಿದುಬಿಡುತ್ತದೆ. ಹವಳಕ್ಕೆ ಬೇಕಾದದ್ದು ಏರುಪೇರಿಲ್ಲದ ನೀರು: ಲೀಟರಿಗೆ ಸುಮಾರು 35 ಗ್ರಾಂ ಲವಣ, 25-26 ಡಿಗ್ರಿ ಉಷ್ಣತೆ. ನಲ್ಲಿ ನೀರನ್ನು ಕ್ಲೋರಿನ್ ಉಳಿಯದಂತೆ ಶುದ್ಧೀಕರಿಸಿ, 200 ಲೀಟರಿಗೆ 7 ಕಿಲೋದಷ್ಟು ಸಮುದ್ರಲವಣದ ಮಿಶ್ರಣ ಕರಗಿಸಿದರೆ ಈ ಹದ ಸಿಗುತ್ತದೆ. ಅಡುಗೆ ಉಪ್ಪು ಖಂಡಿತ ಆಗದು. ಅದರಲ್ಲಿ ಹವಳ ಮೈಕಟ್ಟಿಕೊಳ್ಳಲು ಬೇಕಾದಷ್ಟು ಕ್ಯಾಲ್ಸಿಯಂ ಇಲ್ಲ. ಆಮೇಲೆ ಹದ ಕೆಡಿಸುವುದು ಮುಂಬಯಿಯ ಸೆಕೆ. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಗಾಜಿನ ಅಂಚಿನಲ್ಲಿ ಬಿಳಿ ಪೊರೆಗಟ್ಟುತ್ತದೆ, ಉಳಿದದ್ದು ತೊಟ್ಟಿಯಲ್ಲೇ ಸಾಂದ್ರವಾಗುತ್ತದೆ. ಹಾಗಾಗಿ ದಿನವೂ ತುಂಬಿಸಬೇಕಾದದ್ದು ಶುದ್ಧ ಸಿಹಿನೀರನ್ನೇ.

ಮುಂಬಯಿಯ ಕದಡಿದ ನೀರಿನಲ್ಲೂ ಹವಳ ಬದುಕಿದೆಯಲ್ಲ ಎನ್ನಬಹುದು. ನಿಜ, ಕರಾವಳಿ ರಸ್ತೆಗಾಗಿ ವರ್ಳಿ, ಹಾಜಿ ಅಲಿಯ ಹವಳಗಳನ್ನು 2020ರಲ್ಲಿ ಬೇರೆಡೆಗೆ ಸ್ಥಳಾಂತರಿಸಲಾಯಿತು. ಅವು ಹೂಳು ತಾಳಬಲ್ಲ ಗಟ್ಟಿ ಜಾತಿಗಳು. ತೊಟ್ಟಿಯಲ್ಲಿ ಸಾಕುವ ಬಣ್ಣದ ಹವಳಗಳಲ್ಲಿ ಹೆಚ್ಚಿನವಕ್ಕೆ ಆ ತಾಳಿಕೆಯಿಲ್ಲ. ಮೇಲಾಗಿ, ದಿಬ್ಬ ಕಟ್ಟುವ ಹವಳಗಳು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಕಡಲಿನಿಂದ ಒಂದು ತುಣುಕು ಕಿತ್ತು ತಂದರೂ ಅಪರಾಧ. ಅಂಗಡಿಯಲ್ಲಿ ಕೊಳ್ಳುವವರೂ ಅದು ಎಲ್ಲಿಂದ ಬಂತು, ಆಮದಿನ ಪರವಾನಗಿ ಇದೆಯೇ ಎಂದು ಮೊದಲು ಕೇಳಬೇಕು.