ವಲಸೆ ಕೂಲಿಯಾಳು ಮತ್ತು ಬೆಳೆಗಾರನ ಹೊಣೆ

ಹಣ್ಣು ಕೊಯ್ಯುವ ಕಾಲಕ್ಕೆ ಆಳುಗಳು ಸಿಗುವುದಿಲ್ಲವೆಂಬುದು ನಮ್ಮ ಸದಸ್ಯರೆಲ್ಲರ ಅನುಭವ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಈಗ ಅಸ್ಸಾಂ ಮತ್ತು ಪಶ್ಚಿಮ ಬಂಗಾಳದಿಂದ ಬಂದವರು ಬಹಳ ಮಂದಿ ದುಡಿಯುತ್ತಿದ್ದಾರೆ. ಇವರ ನಡುವೆ ಬಾಂಗ್ಲಾದೇಶದಿಂದ ಅಕ್ರಮವಾಗಿ ನುಸುಳಿದವರೂ ಇರಬಹುದೆಂಬ ಶಂಕೆ ಆಗಾಗ ಕೇಳಿಬರುತ್ತದೆ. ಈ ಶಂಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಾಗೆಂದು ಕಂಡವರನ್ನೆಲ್ಲ ಅನುಮಾನಿಸುವುದೂ ಸರಿಯಲ್ಲ.

ಹೊರಗಿನ ಆಳನ್ನು ನಂಬಿದ ಬೆಳೆಗಾರರು ನಾವೊಬ್ಬರೇ ಅಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಬ್ಬಿನ ಸೀಮೆಯನ್ನು ನೋಡಿರಿ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದೊಡನೆ ಮಹಾರಾಷ್ಟ್ರದ ಬೀಡ್ ಮುಂತಾದ ಬರಪೀಡಿತ ಜಿಲ್ಲೆಗಳಿಂದ ಕಟಾವಿನ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ ಹೆಂಡತಿ ಸೇರಿ ಒಂದು ಜೋಡಿಯೆಂದು ಲೆಕ್ಕ. ಮುಂಗಡ ಹಣ ಮುಕಾದಮನ ಕೈಯಿಂದ ಬರುತ್ತದೆ. ಅದು ತೀರುವವರೆಗೆ ಜೋಡಿ ದುಡಿಯಬೇಕು. ಲೆಕ್ಕ ಬಾಯಿಮಾತಿನದು. ಮುಕಾದಮನು ಮುಂಗಡ ಪಡೆದು ಆಳು ತರದೆ ಹೋದರೆ ಕಬ್ಬು ಗದ್ದೆಯಲ್ಲೇ ಒಣಗುತ್ತದೆ; ಆಳಿಗೆ ಮೋಸವಾದರೆ ಪರವೂರಿನಲ್ಲಿ ಕೇಳುವವರಿಲ್ಲ.

ಇವರು ಯಾರೂ ಅಕ್ರಮ ವಲಸಿಗರಲ್ಲ. ದೇಶದಲ್ಲಿ ಎಲ್ಲಿಗಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ಪೌರನಿಗೂ ಕೊಟ್ಟಿದೆ. ಭಾಷೆ ಬೇರೆಯಾದ ಮಾತ್ರಕ್ಕೆ ಯಾರೂ ಪರದೇಶಿಯಾಗುವುದಿಲ್ಲ. ಚಿಕ್ಕೋಡಿ ಸೀಮೆಯೇ 1956ರ ನವೆಂಬರ್ 1ಕ್ಕೆ ಮೊದಲು ಮುಂಬಯಿ ರಾಜ್ಯದಲ್ಲಿತ್ತು. ನಿಪ್ಪಾಣಿಯಲ್ಲಿ ಮನೆಮಾತು ಮರಾಠಿಯಾದ ಕನ್ನಡನಾಡಿಗರು ಇಂದಿಗೂ ಅನೇಕರಿದ್ದಾರೆ. ಹಾಗೆಯೇ ಬಂಗಾಳಿಯು ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಮಿನ ಬರಾಕ್ ಕಣಿವೆಗಳಲ್ಲಿ ನಮ್ಮ ದೇಶಬಾಂಧವರ ಮಾತೂ ಹೌದು.

ದೇಶದ ಗಡಿಯನ್ನು ಅನುಮತಿಯಿಲ್ಲದೆ ದಾಟುವುದು ಬೇರೆಯೇ ವಿಷಯ. 1946ರ ವಿದೇಶೀಯರ ಕಾಯಿದೆಯ ಬದಲಿಗೆ ಬಂದ ಹೊಸ ಕಾಯಿದೆಯು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ; ಇದರಂತೆ ಅದು ಶಿಕ್ಷಾರ್ಹ ಅಪರಾಧ. ಆದರೆ ಯಾರು ಪೌರ, ಯಾರು ಅಲ್ಲವೆಂದು ತೀರ್ಮಾನಿಸುವುದು ಸುಲಭವಲ್ಲ. ಅಸ್ಸಾಮಿನಲ್ಲಿ 1979ರಿಂದ ಆರು ವರ್ಷ ಚಳವಳಿ ನಡೆದು, 1985ರ ಆಗಸ್ಟ್ 15ರ ಒಪ್ಪಂದವು 1971ರ ಮಾರ್ಚ್ 24ರ ನಂತರ ಬಂದವರನ್ನು ಹೊರಹಾಕಬೇಕೆಂದು ಗೊತ್ತುಮಾಡಿತು. 2019ರ ಪೌರರ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಅರ್ಜಿದಾರರ ಹೆಸರು ಬಿಟ್ಟುಹೋಯಿತು. ಅವರ ವಿಚಾರ ಅದರಿಂದ ಮುಗಿಯಲಿಲ್ಲ. ಸರ್ಕಾರಕ್ಕೇ ಇಷ್ಟು ಕಷ್ಟವಾದ ಕೆಲಸವನ್ನು ತೋಟದ ಗೇಟಿನಲ್ಲಿ ನಿಂತು ಮುಖ ನೋಡಿ ಮಾಡಲಾಗದು.

ಹಾಗಾದರೆ ನಷ್ಟ ಯಾರಿಗೆ? ಕಾಗದಪತ್ರವಿಲ್ಲದವನು ಕೊಟ್ಟಷ್ಟು ಕೂಲಿಗೆ ದುಡಿಯುತ್ತಾನೆ. ದೂರಲು ಠಾಣೆಗೂ ಹೋಗಲಾರ, ಕಾರ್ಮಿಕ ಇಲಾಖೆಗೂ ಹೋಗಲಾರ. ಇದರಿಂದ ಪಕ್ಕದ ಹಾಡಿಯ ಹಾಗೂ ಊರಿನ ಕೂಲಿಗಾರನ ದರವೂ ಇಳಿಯುತ್ತದೆ. ನಡುವಿನ ಮೇಸ್ತ್ರಿಗೆ ಲಾಭ. ಬೆಳೆಗಾರನಿಗೆ ಮೊದಲು ಅಗ್ಗವೆನಿಸಿದರೂ, ತಪಾಸಣೆಯ ಸುದ್ದಿ ಹಬ್ಬಿದ ರಾತ್ರಿಯೇ ಲೈನ್ ಮನೆ ಖಾಲಿಯಾದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಉದುರಿದ ಕಾಯಿಯಲ್ಲಿ ಕಾಯಿಕೊರಕ ಹುಳು ಬೆಳೆದು ಮುಂದಿನ ಫಸಲಿಗೂ ಕೇಡು. ಹೆದರಿ ಓಡುವವರಲ್ಲಿ ನಿಜವಾದ ಪೌರರೂ ಇರುತ್ತಾರೆ. ಅವರ ಮಕ್ಕಳ ಶಾಲೆ, ಔಷಧೋಪಚಾರ ಎಲ್ಲವೂ ಅರ್ಧಕ್ಕೆ ನಿಲ್ಲುತ್ತವೆ.

ಕಾನೂನಿನ ದಾರಿಯಲ್ಲಿ ಬಂದವರು ನೆಲೆಗೊಂಡ ನಿದರ್ಶನ ಅಡಿಕೆ ಸೀಮೆಯಲ್ಲೇ ಇದೆ. ಭಾರತ ಮತ್ತು ಸಿಲೋನ್ ನಡುವಿನ 1964ರ ಒಪ್ಪಂದದಂತೆ ಹಿಂತಿರುಗಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದವು. ಬಂದವರ ಹೆಸರು, ಊರು, ಕೆಲಸ ಎಲ್ಲವೂ ದಾಖಲಾಗಿದ್ದುದರಿಂದ ಅವರು ರಾತ್ರೋರಾತ್ರಿ ಓಡಬೇಕಾಗಲಿಲ್ಲ.

ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಪ್ರತಿ ಆಳಿನ ಹೆಸರು, ಊರು, ಜಿಲ್ಲೆ, ಬಂದ ದಿನಾಂಕಗಳನ್ನು ಹಾಜರಿ ಪುಸ್ತಕದಲ್ಲಿ ಬರೆಯಿರಿ. ಗುರುತಿನ ಪತ್ರದ ನಕಲು ಸಾಕು, ಮೂಲಪತ್ರವನ್ನು ಇಟ್ಟುಕೊಳ್ಳಬೇಡಿ.

2. ಆಧಾರ್ ಗುರುತಿಗೆ ಸಾಲುವುದೇ ಹೊರತು ಪೌರತ್ವಕ್ಕೆ ಪುರಾವೆಯಲ್ಲ. ಸಂಶಯವಿದ್ದರೆ ಠಾಣೆಗೆ ಲಿಖಿತವಾಗಿ ತಿಳಿಸಿರಿ. ವಿಚಾರಣೆ ಅವರ ಕೆಲಸ.

3. ಮೇಸ್ತ್ರಿಯೊಡನೆ ಕರಾರು ಬರಹದಲ್ಲಿರಲಿ. ಬಟವಾಡೆಯನ್ನು ಆಳಿನ ಕೈಗೇ ಅಥವಾ ಅವನ ಬ್ಯಾಂಕ್ ಖಾತೆಗೇ ಮಾಡಿರಿ.

4. ಹೊರಗಿನವನಿಗೂ ಊರಿನವನಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಿರಿ.

ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯಿದೆಯೂ ತೋಟ ಕಾರ್ಮಿಕರ 1951ರ ಕಾಯಿದೆಯೂ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿ, 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ವಲಸೆ ಕಾರ್ಮಿಕರ ಕುರಿತಾದ ಅದರ ನಿಯಮಗಳು ಅಂಥವರು ಹತ್ತು ಮಂದಿ ಅಥವಾ ಹೆಚ್ಚು ಇರುವಲ್ಲಿಗೆ ಅನ್ವಯಿಸುತ್ತವೆ. ಐದಾರು ಆಳು ಇಟ್ಟುಕೊಂಡ ಸಣ್ಣ ಹಿಡುವಳಿದಾರನನ್ನು ಕಾನೂನು ಕೇಳದಿದ್ದರೂ, ಪುಸ್ತಕವಿದ್ದರೆ ತಪಾಸಣೆಯ ದಿನ ಅವನೂ ಅವನ ಆಳುಗಳೂ ನಿಶ್ಚಿಂತರಾಗಿ ಕೊಯ್ಲು ಮುಂದುವರಿಸಬಹುದು. ಕೊಯ್ಲು ಆರಂಭವಾಗುವ ಮುನ್ನವೇ ಈ ಏರ್ಪಾಡು ಮಾಡಿಕೊಳ್ಳಬೇಕಾಗಿ ಸದಸ್ಯರಲ್ಲಿ ವಿನಂತಿ.